‘ಹೆಸರು ಬದಲಾಯಿಸಿದ್ರೆ ಸಾಕಿತ್ತಲ್ಲ?’ ಅಂತ ಕೇಳುವವರಿಗೆ

ಸಾಕಾಗಲ್ಲ. ಇದೇ ನನ್ನ ಉತ್ತರ. ಆತುರ ಇದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರಿಗೆ ವಿಷಯ ಹೇಳುತ್ತೇನೆ. ಬ್ರಯಾನ್ ಕ್ಲಾರ್ಕ್ ಬರೆದ ‘ಹೂಸ್ ಲೈಫ್ ಈಸ್ ಇಟ್ ಎನಿವೇ?’ ನಾಟಕವನ್ನು ದಾವಣಗೆರೆಯ ನಮ್ಮ ತಂಡಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. 1978ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ನಾಟಕ ಅದು. ಕೆನ್ ಅಂತ ಒಬ್ಬ ಶಿಲ್ಪಿ. ಕಾರು ಅಪಘಾತದಲ್ಲಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಹೋಗಿದೆ. ಡಿಸ್ಚಾರ್ಜ್ ಮಾಡಿ, ಹೊರಗೆ ಹೋದರೆ ಬದುಕಲ್ಲ ಅಂತ ಗೊತ್ತು, ಆದರೂ ಮಾಡಿ ಅಂತಾನೆ. ಡಾಕ್ಟರು ಬಿಡುವುದಿಲ್ಲ. ಇವನ ಮನಸ್ಸು ಸರಿಯಿಲ್ಲ ಅಂತ ಅಲ್ಲಿನ ಮಾನಸಿಕ ಆರೋಗ್ಯ ಕಾಯ್ದೆಯಡಿ ಹಿಡಿದಿಡುತ್ತಾರೆ. ಇವನ ವಕೀಲರು ಹೇಬಿಯಸ್ ಕಾರ್ಪಸ್ ಹಾಕುತ್ತಾರೆ, ಅಂದರೆ ಅಕ್ರಮವಾಗಿ ಹಿಡಿದಿಟ್ಟವನನ್ನು ಬಿಡಿಸಿ ಅಂತ ಕೋರ್ಟಿಗೆ ಅರ್ಜಿ. ಜಡ್ಜ್ ಆಸ್ಪತ್ರೆಗೇ ಬಂದು ವಿಚಾರಣೆ ನಡೆಸುತ್ತಾರೆ.

“ಕೆನ್ ಇದ್ದಲ್ಲಿ ಕುಮಾರ, ಇಂಗ್ಲೆಂಡ್ ಇದ್ದಲ್ಲಿ ದಾವಣಗೆರೆ ಅಂತ ಹಾಕಿದ್ರೆ ಮುಗೀತಲ್ಲ ಸರ್. ಬರೀ ನಾಟಕ ಅಲ್ವಾ?”

ಆ ‘ಬರೀ’ ಕೇಳಿದರೆ ನನಗೆ ಮೈ ಉರಿಯುತ್ತದೆ. ಗಾರೆ ಮೇಸ್ತ್ರಿಗೆ ‘ಬರೀ ಗೋಡೆ ಅಲ್ವಾ’ ಅಂತ ಯಾರಾದರೂ ಹೇಳುತ್ತಾರಾ?

ಮೊದಲು ನಾನೂ ಕುಮಾರ ಅಂತಲೇ ಬರೆದಿದ್ದೆ. ಜಡ್ಜ್ ವಾರ್ಡಿಗೆ ಬರುವ ಜಾಗಕ್ಕೆ ಬಂದಾಗ, ಡಾಕ್ಟರ್ ಪಾತ್ರ ಮಾಡುವವರು ನಗಲು ಶುರು ಮಾಡಿದರು. ಅವರು ಕಸುಬಿನಲ್ಲಿ ವಕೀಲರು. “ಹೇಬಿಯಸ್ ಕಾರ್ಪಸ್ ಅಂದ್ರೆ ಬೆಂಗಳೂರು ಹೈಕೋರ್ಟಿಗೆ ಹೋಗಬೇಕು. ಅಲ್ಲಿಂದ ಜಡ್ಜ್ ಇಲ್ಲಿಗೆ ಬರ್ತಾರಾ? ನಮ್ಮಲ್ಲಿ ವಾರ್ಡಿಗೆ ಮ್ಯಾಜಿಸ್ಟ್ರೇಟ್ ಬಂದ್ರೆ ಮರಣ ಹೇಳಿಕೆ ತಗೊಳ್ಳೋಕೆ ಅಂತಲೇ ಲೆಕ್ಕ.”

ಕಥೆಯನ್ನು 1978ರಲ್ಲೇ ಇಡಿ ಅಂದರು ಇನ್ನೊಬ್ಬರು. ಆಗ ನಮ್ಮಲ್ಲಿ ಐಪಿಸಿ 309 ಇತ್ತು. ಸಾಯಲು ಯತ್ನಿಸಿದರೆ ಒಂದು ವರ್ಷದವರೆಗೆ ಜೈಲು. ನಮ್ಮ ನಾಯಕನ ಮಂಚದ ಪಕ್ಕ ಒಬ್ಬ ಪೇದೆಯನ್ನು ಕೂರಿಸಬೇಕಿತ್ತು.

ಸರಿ, ಈಗಿನ ಕಾಲಕ್ಕೇ ತಂದೆ. 2018ರಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿಗೆ ಸೇರಿದ್ದು ಅಂದಿತು. ಅದಕ್ಕಾಗಿ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಧಾನವನ್ನು 2023ರಲ್ಲಿ ಸ್ವಲ್ಪ ಸಡಿಲ ಮಾಡಿತು. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಎರಡು ವೈದ್ಯಕೀಯ ಮಂಡಳಿ ನೋಡಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2025ರ ಜನವರಿಯಲ್ಲಿ ನಮ್ಮ ರಾಜ್ಯವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ದಾವಣಗೆರೆಯಲ್ಲಿ ಇಂಥದ್ದನ್ನೆಲ್ಲ ಯಾರು ಕೇಳ್ತಾರೆ ಅನ್ನುವವರಿಗೆ ಒಂದು ಮಾತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದೇ ಊರಿನವರು.

ಆದರೆ ಈ ಮಂಡಳಿ ಎಲ್ಲ ಇರುವುದು ಗುಣವಾಗುವ ಆಸೆಯೇ ಇಲ್ಲದೆ, ಬೇಕು ಬೇಡ ಹೇಳುವ ಸ್ಥಿತಿಯಲ್ಲೂ ಇಲ್ಲದವರಿಗೆ. ನಮ್ಮ ನಾಯಕ ನರ್ಸ್ ಜೊತೆ ತಮಾಷೆ ಮಾಡಿಕೊಂಡಿದ್ದಾನೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಚಿಕಿತ್ಸೆ ಬೇಡ ಅನ್ನಬಹುದು ಅಂತ ಅದೇ 2018ರ ತೀರ್ಪಿನಲ್ಲಿದೆ. ಹಾಗಾದರೆ ನಮ್ಮ ನಾಟಕ ಎರಡನೇ ದೃಶ್ಯಕ್ಕೇ ಮುಗಿಯಬೇಕು. ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಗುತ್ತೆ.

ಯಾಕೆ ಮುಗಿಯಲ್ಲ ಅಂತ ತೋರಿಸಿಕೊಟ್ಟಿದ್ದು ನಾಟಕದ ಓದು ಕೇಳಲು ಬಂದಿದ್ದ ಒಬ್ಬ ರಿಟೈರ್ಡ್ ಸ್ಟಾಫ್ ನರ್ಸ್. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು. “ಪೇಷಂಟ್ ಕಡೆಯವರು ಎಲ್ಲಿ ಸರ್?”

ಇರಲಿಲ್ಲ. ಮೂಲದಲ್ಲಿ ಅವನು, ಆಸ್ಪತ್ರೆಯವರು, ಕೋರ್ಟಿನವರು, ಅಷ್ಟೇ. ಮದುವೆಯಾಗಬೇಕಿದ್ದ ಹುಡುಗಿಯನ್ನೂ ಅವನೇ ದೂರ ಕಳಿಸಿದ್ದಾನೆ. ನಮ್ಮಲ್ಲಿ ಕಡೆಯವರು ಇಲ್ಲದೆ ಒಂದು ಸಿರಿಂಜೂ ಬರಲ್ಲ. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವವರು ಅವರು, ವರಾಂಡದಲ್ಲಿ ಚಾಪೆ ಹಾಸಿ ಮಲಗುವವರು ಅವರು. ಡಾಕ್ಟರು ಮಾತಾಡುವುದೂ ಅವರ ಹತ್ತಿರವೇ, ಐಸಿಯು ಬಾಗಿಲಾಚೆ, ದನಿ ತಗ್ಗಿಸಿ. ಇಂಗ್ಲೆಂಡಿನವನು ಬಿಡಿ ಬಿಡಿ ಅಂದರೂ ಬಿಡುವುದಿಲ್ಲ. ಇಲ್ಲಿ ಅವನನ್ನು ಕೇಳದೆಯೇ ‘ನಮ್ಮ ಸ್ವಂತ ಜವಾಬ್ದಾರಿ ಮೇಲೆ ಕರೆದುಕೊಂಡು ಹೋಗುತ್ತೇವೆ’ ಅಂತ ಬರೆದುಕೊಟ್ಟು ಕರೆದೊಯ್ಯುತ್ತಾರೆ. ಇರಿಸಿಕೊಳ್ಳುವುದೂ ಹಾಗೇ, ಕೇಳದೆ.

ಅದಕ್ಕೇ ಕುಮಾರನಿಗೊಬ್ಬ ಅಣ್ಣ ಬಂದ. ಕಾನೂನು ಬದಲಾಯಿಸಿದ್ದು ಯಾಕೆ ಅಂತ ನೂರು ಜನ ಕೇಳಿದ್ದಾರೆ. ಆ ಅಣ್ಣ ಎಲ್ಲಿಂದ ಬಂದ ಅಂತ ಒಬ್ಬರೂ ಕೇಳಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ಅಪ್ಪನ ಕೊನೆಯ ವಾರ, ಬಿಲ್ ಕೌಂಟರಿನ ಮುಂದೆ ನನ್ನ ಕೈಗೇ ಪೆನ್ನು ಕೊಟ್ಟಿದ್ದರು. ಅಪ್ಪನಿಗೆ ಪೂರ್ತಿ ಎಚ್ಚರವಿತ್ತು. ಬೆಳಿಗ್ಗೆ ಇಡ್ಲಿ ಗಟ್ಟಿ ಅಂತ ಬೈದಿದ್ದರು ಕೂಡ. ಹತ್ತು ಹೆಜ್ಜೆ ನಡೆದು ಅವರನ್ನು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ. ಆಂಬುಲೆನ್ಸಿನಲ್ಲಿ ಕೇಳಿದರು: “ಏನ್ ಬರ್ಕೊಟ್ಟೆ ಅಲ್ಲಿ?”

“ಏನಿಲ್ಲಪ್ಪಾ, ಬಿಲ್ಲಿಂದು.”

ಈ ಎರಡು ಸಾಲು ನಾಟಕದಲ್ಲಿ ಹಾಗೇ ಇವೆ. ನಾಟಕ ಉದ್ದ ಆಯ್ತು, ಇವನ್ನು ತೆಗೆಯಿರಿ ಅಂತಿದ್ದಾರೆ ನಿರ್ದೇಶಕರು. ಬೇಕಾದರೆ ಜಡ್ಜ್‌ನ ತೆಗೆಯಲಿ.