ಹೆಡ್‌ಫೋನಿಗೊಂದು ಲಾಡಿ

ಬಲಗಿವಿಯ ಸದ್ದು ನಿಂತದ್ದು ಶುಕ್ರವಾರ ರಾತ್ರಿ. ವೈರನ್ನು ಜಾಕ್‌ನ ಹತ್ತಿರ ಒಂದು ಕೋನಕ್ಕೆ ಬಗ್ಗಿಸಿ ಹಿಡಿದರೆ ಹಾಡು ಬರುತ್ತಿತ್ತು, ಕೈ ಬಿಟ್ಟರೆ ಹೋಗುತ್ತಿತ್ತು. ತಪ್ಪು ಹೆಡ್‌ಫೋನಿನದಲ್ಲ. ಮೇಜಿನ ಮುಂದೆ ಕುಳಿತು ಕುರ್ಚಿಯ ಗಾಲಿಯನ್ನು ವರ್ಷಗಟ್ಟಲೆ ಆ ವೈರಿನ ಮೇಲೆ ಹಾಯಿಸಿದವನು ನಾನೇ.

ವೈರನ್ನು ಸೀಳಿ ನೋಡಿದೆ. ಕೂದಲಿನಂಥ ತಂತಿಗಳು: ಕೆಂಪು, ಹಸಿರು, ತಾಮ್ರದ ಬಣ್ಣ. ನಡುವೆ ಬಲಕ್ಕೆಂದು ನೈಲಾನ್ ದಾರ. ಆ ಬಣ್ಣ ಅಲಂಕಾರಕ್ಕಲ್ಲ. ತಂತಿ ತಂತಿಗೆ ತಾಗದಂತೆ ಬಳಿದ ಅರಗಿನಂಥ ಲೇಪ. ಅದನ್ನು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಲೈಟರ್ ಹಿಡಿದು ಸುಡಲು ಹೋದೆ, ಲೇಪದ ಜೊತೆಗೆ ತಂತಿಯೂ ಹೋಯಿತು. ಇಡೀ ವೈರನ್ನೇ ಬದಲಾಯಿಸುವುದೆಂದು ತೀರ್ಮಾನಿಸಿದೆ.

ಶನಿವಾರ ನಮ್ಮ ದಾವಣಗೆರೆಯ ಮಂಡಿಪೇಟೆಯ ಕಡೆ ಹೋಗಿ, ಸೌಂಡ್ ಸಿಸ್ಟಂ ಸಾಮಾನು ಮಾರುವ ಅಂಗಡಿಯಿಂದ ಎರಡು ಮೀಟರ್ ಮೈಕ್ ಕೇಬಲ್ ತಂದೆ. ಒಳಗೆ ನಾಲ್ಕು ವೈರು, ಸುತ್ತ ತಾಮ್ರದ ಜಾಲರಿ, ಮೇಲೆ ರಬ್ಬರಿನಂಥ ಕವಚ, ಒಟ್ಟು ಆರು ಮಿಲಿಮೀಟರ್ ದಪ್ಪ. ನನ್ನ ಹೆಡ್‌ಫೋನಿಗೆ ಎರಡೂ ಕಿವಿಗೆ ಬೇರೆ ಬೇರೆ ವೈರು ಹೋಗುವುದರಿಂದ, ಕಿವಿಗೆ ಎರಡರಂತೆ, ನಾಲ್ಕು ವೈರೇ ಬೇಕಿತ್ತು. ರಾತ್ರಿ ಬೆಸುಗೆ ಹಾಕಿದೆ, ಎರಡೂ ಕಿವಿ ಹಾಡಿದವು. ಆದರೆ ಕೇಬಲ್ ಅಂಗಿಯ ಗುಂಡಿಗೆ ತಾಗಿದಾಗಲೆಲ್ಲ ಕಿವಿಯಲ್ಲಿ ಬರಬರ ಸದ್ದು. ಭೂಮಿ (ಅರ್ತ್) ವೈರಿನ ತೊಂದರೆ ಇರಬೇಕೆಂದು ಅರ್ಧ ಗಂಟೆ ಮಲ್ಟಿಮೀಟರ್ ಹಿಡಿದು ಹುಡುಕಿದೆ. ಕೊನೆಗೆ ಜಾಕ್ ಕಿತ್ತು ಕೇಬಲನ್ನು ಉಜ್ಜಿದರೂ ಅದೇ ಸದ್ದು! ವಿದ್ಯುತ್ತಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಮಾತಾಡುತ್ತಿದ್ದೆವಲ್ಲ, ಅದೇ ಆಟ. ಬಿರುಸಾದ ಕೇಬಲ್ ತನ್ನ ಮೈಮೇಲಿನ ಉಜ್ಜಾಟವನ್ನೆಲ್ಲ ಕಿವಿಯವರೆಗೆ ಹೊತ್ತು ತರುತ್ತಿತ್ತು.

ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ ಎರಡು ಬಗೆಯ ತೆಳು ವೈರು ತಂದೆ. ಒಂದರ ಚೀಟಿಯಲ್ಲಿ 7/36, ಇನ್ನೊಂದರಲ್ಲಿ 14/38. ಎರಡನ್ನೂ ಮೇಜಿನ ಮೇಲಿಟ್ಟು ನೋಡುತ್ತಿದ್ದಾಗ ಅಪ್ಪ ಕಾಫಿ ಲೋಟ ಹಿಡಿದು ಬಂದರು.

ಅಪ್ಪ ಇಪ್ಪತ್ತೆರಡು ವರ್ಷ ಹತ್ತಿ ಗಿರಣಿಯ ನೂಲಿನ ಖಾತೆಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ಸಾಲಿನವರು. ಈಗ ಊರಿಗೆ ಬಂದವರು ಬೆಣ್ಣೆ ದೋಸೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ, ಗಿರಣಿ ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ.

"ಹದಿನಾಲ್ಕು ಎಳೆ, ಮೂವತ್ತೆಂಟರ ನಂಬರು," ಎಂದರು ಚೀಟಿ ನೋಡಿ. ನಾನು ಏನೂ ಹೇಳಿರಲಿಲ್ಲ.

ನಾನು ಬೆರಗಾದೆ, ಅವರಿಗೆ ಅದರಲ್ಲಿ ಬೆರಗಿನದು ಏನೂ ಕಾಣಲಿಲ್ಲ. ನೂಲಿನ ಲೆಕ್ಕವೂ ಹೀಗೆಯೇ: 2/40 ಎಂದರೆ ನಲವತ್ತರ ನೂಲಿನ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು. 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದು ನೂಲಿನ ನಂಬರು. ಹಾಗಾಗಿ ನಂಬರು ಏರಿದಷ್ಟೂ ನೂಲು ಸಣ್ಣ. ತಂತಿಯ ದಪ್ಪ ಹೇಳುವ ಗೇಜ್ ನಂಬರು ಕೂಡ ಹಾಗೆಯೇ, ಏರಿದಷ್ಟೂ ತಂತಿ ಸಣ್ಣ. 36ರ ತಂತಿ 0.19 ಮಿಲಿಮೀಟರ್, 38ರದು 0.15. ಏಳು ದಪ್ಪ ಎಳೆಯಲ್ಲಿರುವುದಕ್ಕಿಂತ ಹದಿನಾಲ್ಕು ಸಣ್ಣ ಎಳೆಯಲ್ಲಿ ತಾಮ್ರ ತುಸು ಹೆಚ್ಚೇ ಇರುತ್ತದೆ, ಆದರೂ ಅದು ಮೆತ್ತಗೆ. ಅಪ್ಪ ಎರಡನ್ನೂ ತೋರುಬೆರಳಿನ ಮೇಲೆ ಜೋತುಬಿಟ್ಟರು. 7/36 ಕೋಲಿನಂತೆ ಚಾಚಿಕೊಂಡಿತು. 14/38 ಕತ್ತು ಬಗ್ಗಿಸಿ ಕೆಳಗಿಳಿಯಿತು.

"ಇದು," ಎಂದು ಹೇಳಿ ಕಾಫಿ ಮುಗಿಸಿದರು.

ಆಮ್ಲಜನಕವಿಲ್ಲದ ತಾಮ್ರ, ಬೆಳ್ಳಿ ಲೇಪದ ತಾಮ್ರ ಎಂದು ತಲೆ ಕೆಡಿಸಿಕೊಂಡು ಹಣ ಸುರಿಯುವವರನ್ನು ಕಂಡಿದ್ದೇನೆ. ನನ್ನ ಲೆಕ್ಕ ಇಷ್ಟೇ. ಎರಡು ಮೀಟರ್ ಹೋಗಿ ಎರಡು ಮೀಟರ್ ಬರುವ 14/38ರ ರೋಧ ಮೂರನೇ ಒಂದು ಓಮ್‌ಗಿಂತ ಕಡಿಮೆ. ಹೆಡ್‌ಫೋನಿನದು 32 ಓಮ್. ಈ ನೂರರಲ್ಲೊಂದು ಪಾಲಿನ ವ್ಯತ್ಯಾಸವನ್ನು ನನ್ನ ಕಿವಿ ಹಿಡಿಯಲಾರದು. ಅಂಗಿಯ ಗುಂಡಿಯನ್ನಾದರೆ ಅದು ಖಂಡಿತ ಹಿಡಿಯುತ್ತದೆ.

ನಾಲ್ಕು ವೈರನ್ನು ಜೋಡಿಸಿ ಒಂದು ತುದಿಯನ್ನು ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸಿದೆ. ನೋಡಲು ಬಹಳ ಚೆಂದದ ಹುರಿಯಾಯಿತು. ಬಿಚ್ಚಿ ಕೈಬಿಟ್ಟದ್ದೇ ತಡ, ಹಾವಿನ ಮರಿಯಂತೆ ಸುತ್ತಿಕೊಂಡು ಗಂಟಾಯಿತು. "ಹುರಿ ಹೆಚ್ಚಾಯಿತು ತಮ್ಮಾ. ಗಿರಣಿಯಲ್ಲಿ ಒಂಟಿ ನೂಲಿಗೆ ಒಂದು ಕಡೆ ತಿರುವು, ಜೋಡಿಸುವಾಗ ಅದರ ಎದುರು ಕಡೆಗೆ. ಒಂದೇ ಕಡೆ ತಿರುವುತ್ತಾ ಹೋದರೆ ಅದು ತಿರುಗಿ ಬೀಳುತ್ತದೆ," ಎಂದರು ಅಪ್ಪ. ಮುಕ್ಕಾಲು ಪಾಲು ಬಿಚ್ಚಿ, ಗೇಣಿಗೆ ನಾಲ್ಕೈದು ಸುತ್ತು ಮಾತ್ರ ಉಳಿಸಿದರು. ಈಗ ಅದು ಮೇಜಿನ ಮೇಲೆ ತಣ್ಣಗೆ ಮಲಗಿತು.

ಇನ್ನು ಮೇಲುಹೊದಿಕೆ. ಕಂಪ್ಯೂಟರ್ ಅಂಗಡಿಯಿಂದ ತಂದಿದ್ದ ಪ್ಲಾಸ್ಟಿಕ್ ಹೆಣಿಗೆಯ ಸ್ಲೀವ್ ಹೊಳೆಯುತ್ತಿತ್ತು, ಹಾವಿನ ಚರ್ಮದಂತೆ. ತುಂಡು ಹಾಕಿ ನೋಡಿದರೆ ಮೈಕ್ ಕೇಬಲ್ಲಿಗಿಂತ ಕೆಟ್ಟದು. ಅಂಗಿಯ ಬಟ್ಟೆಯನ್ನು ಗರಗಸದಂತೆ ಕೆರೆಯುತ್ತಿತ್ತು. ಪ್ಯಾರಾಶೂಟ್ ಹಗ್ಗದ ಒಳದಾರ ಎಳೆದು ಅದರ ಸಿಪ್ಪೆಯನ್ನು ಬಳಸುವವರಿದ್ದಾರೆ. ತರಿಸಿದರೆ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಅವ್ವ ಒಳಗಿನಿಂದಲೇ, "ಚೌಕಿಪೇಟೆಯಲ್ಲಿ ಡೋರಿ ಸಿಗುವುದಿಲ್ಲವೇ?" ಎಂದಳು.

ಸಿಕ್ಕಿತು. ದರ್ಜಿಗಳ ಸಾಮಾನಿನ ಅಂಗಡಿಯಲ್ಲಿ ರವಿಕೆಗೆ, ಟೋಪಿಯಿರುವ ಅಂಗಿಗೆ ಹಾಕುವ ದುಂಡು ಡೋರಿ, ಬಣ್ಣ ಬಣ್ಣದ್ದು. ತುದಿ ಹಿಸುಕಿದರೆ ಒಳಗೆ ದಾರ ಬೇರೆ, ಮೇಲಿನ ಹೆಣಿಗೆ ಬೇರೆ. ಹತ್ತಿಯದೂ ಇತ್ತು, ನೈಲಾನಿನದೂ ಇತ್ತು. ಅಪ್ಪನ ಮತ ಯಾವುದಕ್ಕೆಂದು ಹೇಳಬೇಕಿಲ್ಲ. ಹತ್ತಿಯದು ಸದ್ದು ಮಾಡುವುದಿಲ್ಲ, ನಿಜ. ಆದರೆ ನಮ್ಮೂರಿನ ಏಪ್ರಿಲ್ ಬೆವರಿಗೆ ತಿಂಗಳೊಳಗೆ ಕೊಳೆತ ಬತ್ತಿಯಾಗುತ್ತದೆ; ಕತ್ತರಿಸಿದ ತುದಿ ಬಿಚ್ಚಿಕೊಳ್ಳುತ್ತದೆ. ನೈಲಾನಿನ ತುದಿಗೆ ಬೆಂಕಿಕಡ್ಡಿ ತೋರಿಸಿದರೆ ಕರಗಿ ತಾನೇ ಮುಚ್ಚಿಕೊಳ್ಳುತ್ತದೆ. ಕಪ್ಪು ನೈಲಾನ್ ಕೊಂಡೆ, ಕೆಳಗಿನ ಭಾಗಕ್ಕೆ ದಪ್ಪದ್ದು, ಕಿವಿಗೆ ಕವಲೊಡೆಯುವಲ್ಲಿ ತೆಳುವಿನದು. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಎರಡು ಮೀಟರ್ ಡೋರಿಯೊಳಗೆ ವೈರು ತೂರಿಸುವ ಕೆಲಸ ಅವ್ವನದಾಯಿತು. ವೈರಿನ ತುದಿಗೆ ಪಿನ್ನು ಚುಚ್ಚಿ, ಡೋರಿಯನ್ನು ಪಿನ್ನಿನ ಮೇಲೆ ನೆರಿಗೆ ಹಿಡಿದು, ಆ ನೆರಿಗೆಯನ್ನು ಹಿಂದಕ್ಕೆ ಸವರುತ್ತಾ, ಲಂಗಕ್ಕೆ ಲಾಡಿ ಪೋಣಿಸಿದಂತೆಯೇ ಪೋಣಿಸಿದಳು. ಹೆಣಿಗೆಯ ಗುಣವೇ ಅದು: ಒತ್ತಿದರೆ ಅಗಲವಾಗಿ ದಾರಿ ಬಿಡುತ್ತದೆ, ಎಳೆದರೆ ಬಿಗಿಯಾಗಿ ಹಿಡಿಯುತ್ತದೆ. ನಾನು ಎಳೆಯುತ್ತಿದ್ದೆ, ಅದಕ್ಕೇ ನನಗೆ ಅದು ಒಂದು ಗೇಣೂ ಸರಿದಿರಲಿಲ್ಲ.

ಜಾಕ್‌ನ ಹಿಂಬದಿಯ ತೂತು ನಾಲ್ಕು ಮಿಲಿಮೀಟರ್, ಡೋರಿ ಹೊದ್ದ ವೈರು ಅದಕ್ಕಿಂತ ದಪ್ಪ. ಇದನ್ನು ಮೊದಲೇ ಅಳೆಯಬೇಕಿತ್ತು. ಆರು ಮಿಲಿಮೀಟರ್ ಬಾಯಿಯ ಜಾಕ್ ತರಲು ಮೂರನೆಯ ಸಲ ಅದೇ ಅಂಗಡಿಗೆ ಹೋದಾಗ ಹುಡುಗ ನಗುತ್ತಿದ್ದ. ಬೆಸುಗೆ ಮುಗಿಸಿದೆ: ಜಾಕ್‌ನ ತುದಿಗೆ ಎಡ, ನಡುವಿನ ಉಂಗುರಕ್ಕೆ ಬಲ, ಬುಡಕ್ಕೆ ಭೂಮಿಯ ಎರಡು ವೈರು. ಮುಗಿಸಿ ತಲೆ ಎತ್ತಿದರೆ ಮೊದಲೇ ವೈರಿಗೆ ಪೋಣಿಸಬೇಕಿದ್ದ ಜಾಕ್‌ನ ಮುಚ್ಚಳ ಮೇಜಿನ ಮೇಲೆ ನನ್ನನ್ನೇ ನೋಡುತ್ತಿತ್ತು. ಕಿತ್ತು ಮತ್ತೆ ಹಾಕಿದೆ.

ರಾತ್ರಿ ಹನ್ನೊಂದಕ್ಕೆ ಕಿವಿಗಿಟ್ಟು, ವೈರನ್ನು ಅಂಗಿಯ ಗುಂಡಿಗೆ ಬೇಕೆಂದೇ ಉಜ್ಜಿದೆ. ದೂರದಲ್ಲಿ ಯಾರೋ ಬಟ್ಟೆ ಮಡಚಿದಷ್ಟು ಸದ್ದು, ಹಾಡು ಶುರುವಾದರೆ ಅದೂ ಇಲ್ಲ. ಅಪ್ಪನಿಗೆ ಕೊಟ್ಟೆ. ಅವರು ಹಾಡು ಕೇಳುವ ಬದಲು ಡೋರಿಯ ಹೆಣಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿ, "ಚೆನ್ನಾಗಿದೆ, ಆದರೆ ಇದು ನೂಲಲ್ಲ," ಎಂದು ಮಲಗಲು ಹೋದರು.

ಒಂದೂವರೆ ಮೀಟರ್ ಡೋರಿ ಉಳಿದಿತ್ತು. ಅವ್ವ ಅದನ್ನು ಅಪ್ಪನ ಪೈಜಾಮಕ್ಕೆ ಪೋಣಿಸಿದ್ದಾಳೆಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ, ಅವರು ಒಂದು ಕೈಯಲ್ಲಿ ಪೈಜಾಮದ ಸೊಂಟ ಹಿಡಿದುಕೊಂಡು ನನ್ನ ಬಾಗಿಲಲ್ಲಿ ಬಂದು ನಿಂತಾಗ.

"ನೋಡು," ಎಂದರು, "ನಿನ್ನ ನೈಲಾನಿನಲ್ಲಿ ಗಂಟು ನಿಲ್ಲುವುದಿಲ್ಲ."