ಚುಚ್ಚಿದ್ದು ಕೈಗೆ, ಜೋಮು ಕಾಲಿಗೆ

ಚಿಕ್ಕಮ್ಮನಿಗೆ ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಕೀಮೋದಲ್ಲಿ ವಿನ್‌ಕ್ರಿಸ್ಟೀನ್ ಎಂಬ ಔಷಧಿ ಕೊಡುತ್ತಿದ್ದರು. ಕೆಲವು ವಾರಗಳಲ್ಲಿ ಕಾಲ್ಬೆರಳು ಜುಮುಜುಮು ಅನ್ನಲು ಶುರುವಾಯಿತು. "ಚುಚ್ಚೋದು ಕೈಗೆ, ಜೋಮು ಹಿಡಿಯೋದು ಕಾಲಿಗೆ, ಇದೇನೋ?" ಎಂದರು. ಆಗ ಸುಮ್ನೆ ತಲೆಯಾಡಿಸಿ, ಮನೆಗೆ ಬಂದು ಓದಿದೆ.

ಪಾದದ ಸ್ಪರ್ಶ ತಿಳಿಸುವ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ಅದರ ಎಳೆ ಮಾತ್ರ ಬೆರಳಿನ ತುದಿಯವರೆಗೆ, ಹೆಚ್ಚುಕಡಿಮೆ 1 ಮೀಟರ್. ಪ್ರೋಟೀನ್ ಬಹುಪಾಲು ತಯಾರಾಗುವುದು ಒಡಲಲ್ಲೇ. ಅಲ್ಲಿಂದ ತುದಿಗೆ ಹೊತ್ತು ಸಾಗಿಸಲೇಬೇಕು.

ಹೊರುವುದು ಕೈನೆಸಿನ್ ಎಂಬ ಪ್ರೋಟೀನ್. 1985ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಎಂಬ ವಿಜ್ಞಾನಿಗಳು ಇದನ್ನು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಿಂದ ಬೇರ್ಪಡಿಸಿದರು. ಅದಕ್ಕೆ ಎರಡು 'ಕಾಲು', ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯ ಮೇಲೆ ಒಂದಾದ ಮೇಲೊಂದು ಇಡುತ್ತಾ ಹೋಗುತ್ತದೆ, ಹೆಜ್ಜೆಗೆ 8 ನ್ಯಾನೋಮೀಟರ್, ಪ್ರತಿ ಹೆಜ್ಜೆಗೂ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಒಂದು ಮಿಲಿಮೀಟರ್ ದಾಟಲು 1,25,000 ಹೆಜ್ಜೆ! ಒಂದೇ ಕೈನೆಸಿನ್ ಅಷ್ಟೂ ನಡೆಯುವುದಿಲ್ಲ, ನಡುವೆ ಉದುರಿ ಹೋಗುತ್ತದೆ, ಇನ್ನೊಂದು ಹೊರೆ ಹಿಡಿಯುತ್ತದೆ. ತುದಿಯಿಂದ ಒಡಲಿಗೆ ವಾಪಸು ಬರುವ ಸಾಮಾನಿಗೆ ಡೈನೀನ್ ಎಂಬ ಇನ್ನೊಂದು ಪ್ರೋಟೀನ್. ರೇಬೀಸ್ ವೈರಸ್ ಮೆದುಳಿನತ್ತ ಹೋಗುವುದೂ ಈ ವಾಪಸು ಗಾಡಿ ಹತ್ತಿಕೊಂಡೇ.

ಪೊಟ್ಟಣ ಕಟ್ಟಿದ ಸಾಮಾನು ದಿನಕ್ಕೆ 400 ಮಿಲಿಮೀಟರ್‌ವರೆಗೂ ಹೋಗಬಲ್ಲದು. ಅಂದರೆ ಪಾದಕ್ಕೆ ಎರಡೂವರೆ ದಿನ. ಎಳೆಯ ಒಳಗಿನ ಚೌಕಟ್ಟು ಕಟ್ಟುವ ಪ್ರೋಟೀನ್‌ಗಳದ್ದು ಮಾತ್ರ ದಿನಕ್ಕೆ ಸುಮಾರು 1 ಮಿಲಿಮೀಟರ್, ಲೆಕ್ಕ ಹಾಕಿದರೆ ಮೂರು ವರ್ಷ ಹತ್ತಿರ! ಮಜಾ ಏನು ಗೊತ್ತಾ, ಅವೂ ಓಡುವಾಗ ಜೋರಾಗೇ ಓಡುತ್ತವೆ, ಆದರೆ ನಿಂತಿರುವುದೇ ಜಾಸ್ತಿ, ಎಲ್ಲಾ ಸ್ಟಾಪಲ್ಲೂ ನಿಲ್ಲುವ ಶಟಲ್ ಬಸ್ಸಿನ ಹಾಗೆ.

ಈಗ ಔಷಧಿಯ ವಿಷಯ. ಕ್ಯಾನ್ಸರ್ ಕೋಶ ಒಡೆದು ಎರಡಾಗಬೇಕಾದರೂ ಮೈಕ್ರೋಟ್ಯೂಬ್ಯೂಲ್ ಬೇಕು. ವಿನ್‌ಕ್ರಿಸ್ಟೀನ್ ಅದನ್ನು ಕೆಡಿಸುತ್ತದೆ, ಅದಕ್ಕೇ ಅದು ಔಷಧಿ. ಆದರೆ ನರದೊಳಗಿನ ದಾರಿಯೂ ಅದೇ ಅಲ್ವಾ? ದಾರಿ ಕೆಟ್ಟರೆ ಮೊದಲು ಕೊರತೆ ಕಾಣುವುದು ಅತಿ ದೂರದ ಊರಲ್ಲಿ. ಹಾಗಾಗಿ ಕಾಲ್ಬೆರಳು.

ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿ, ಈ ಔಷಧಿ ನಿತ್ಯಪುಷ್ಪದ ಗಿಡದಿಂದ ಬಂದದ್ದು ಅಂದೆ. ಅವರು ಕಿಟಕಿಯಾಚೆ ಕಾಂಪೌಂಡಿನ ಪಕ್ಕ ನೋಡಿ, "ದಿನಾ ದೇವರಿಗೆ ಏರಿಸ್ತಿದ್ನಲ್ಲೋ ಅದನ್ನೇ" ಎಂದರು. ಕೀಮೋ ಮುಗಿದು ಈಗ ಐದು ತಿಂಗಳು. ಹಿಮ್ಮಡಿಯವರೆಗೆ ಏರಿದ್ದ ಜೋಮು ಬೆರಳ ತುದಿಗೆ ಇಳಿದಿದೆ.