ಗಡ್ಡ ಬಿಟ್ಟ ಗಂಗೆ

ರೋಮ್‌ಗೆ ಹೊರಡುವ ಹಿಂದಿನ ರಾತ್ರಿ ಇವರು ಕಿಸೆ ಡೈರಿಯಲ್ಲಿ ಒಂಬತ್ತು ಹೆಸರು ಬರೆದುಕೊಂಡರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇದ್ದವರು, ನಂಬರ್ ಹಾಕದೆ ಏನನ್ನೂ ಬರೆಯುವುದಿಲ್ಲ. ಕೊಲೊಸಿಯಮ್ ಒಂದು, ಫೋರಮ್ ಎರಡು, ಹೀಗೆ. ನನ್ನದು ಒಂದೇ ಬೇಡಿಕೆ. ಪಿಯಾಝಾ ನವೋನಾ ಅನ್ನುವ ಚೌಕದಲ್ಲಿ ಗಂಗೆಯ ಮೂರ್ತಿ ಇದೆ ಅಂತ ಎಲ್ಲೋ ಓದಿದ್ದೆ. ಅದನ್ನು ನೋಡಬೇಕು.

"ರೋಮ್‌ನಲ್ಲಿ ಎಂಥಾ ಗಂಗೆ ಮಾರಾಯ್ತಿ?" ಅಂದರು. ಆದರೂ ಕೊನೆಗೆ ಬರೆದುಕೊಂಡರು. ಒಂಬತ್ತನೇ ನಂಬರ್.

ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಇದ್ದಾಳೆ. ಅವಳ ಮನೆಗೆ ಎರಡು ತಿಂಗಳಿಗೆ ಅಂತ ಹೋದವರು, ನಡುವೆ ಇಬ್ಬರೇ ರೋಮ್‌ಗೆ ಹೋಗಿ ಬಂದೆವು. 2025ರ ಜುಲೈ ಮೊದಲ ವಾರ. ಶಿರಸಿಯಲ್ಲಿ ಆಗ ಧೋ ಅಂತ ಮಳೆ. ಇಲ್ಲಿ ಮೊಬೈಲು ಮೂವತ್ತಾರು ಡಿಗ್ರಿ ತೋರಿಸುತ್ತಿತ್ತು. ಮೇಲಿಂದ ಅದು ಜುಬಿಲಿ ವರ್ಷ. ಕ್ಯಾಥೊಲಿಕ್ಕರಿಗೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪುಣ್ಯ ವರ್ಷ. ಬೇಸಿಗೆ ರಜೆಯ ಪ್ರವಾಸಿಗಳು ಒಂದು ಕಡೆ, ಶಿಲುಬೆ ಹಿಡಿದು ಹಾಡು ಹೇಳುತ್ತ ಹೋಗುವ ಯಾತ್ರಿಕರು ಇನ್ನೊಂದು ಕಡೆ. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿಗಳದ್ದೇ ನೆನಪು. ಈ ಯಾತ್ರಿಕರೂ ಬಿಸಿಲನ್ನು ಲೆಕ್ಕಕ್ಕೆ ಇಟ್ಟುಕೊಂಡಂತೆ ಕಾಣಲಿಲ್ಲ.

ನಮ್ಮ ಹೋಟೆಲು ಟರ್ಮಿನಿ ಸ್ಟೇಷನ್ ಹತ್ತಿರ. ಅಲ್ಲಿಂದ ಮೆಟ್ರೋದಲ್ಲಿ ಎರಡನೇ ಸ್ಟಾಪೇ ಕೊಲೊಸಿಯಮ್. ಟಿಕೆಟ್ಟಿಗೆ ಒಂದೂವರೆ ಯೂರೋ. ಸ್ಟೇಷನ್ನಿನ ಬಾಗಿಲು ದಾಟಿದರೆ ಎದುರಿಗೇ ನಿಂತಿದೆ! ದೂರದಿಂದ ನೋಡುತ್ತ ನೋಡುತ್ತ ಹತ್ತಿರ ಹೋಗುವ ಸುಖ ಇಲ್ಲ. ಮಗಳು ಎಂಟೂವರೆಯ ಟಿಕೆಟ್ ಮೊದಲೇ ಮಾಡಿಸಿದ್ದಳು. ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ಸಾಲು ಅಷ್ಟು ಹೊತ್ತಿಗೇ ಬೇಲಿಯ ಸುತ್ತ ತಿರುಗಿತ್ತು.

ಸಾಲಿನಲ್ಲಿ ನಿಂತಾಗ ನೋಡಲು ಸಿಕ್ಕಿದ್ದು ಕಮಾನುಗಳ ಮೇಲಿನ ನಂಬರ್. ಹೊರಗೋಡೆ ಉಳಿದ ಕಡೆ ರೋಮನ್ ಅಂಕಿಗಳು ಇನ್ನೂ ಕಾಣುತ್ತವೆ. ಒಟ್ಟು 80 ಬಾಗಿಲು ಇದ್ದವಂತೆ. ಯಾರು ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಎಲ್ಲಿ ಕೂರಬೇಕು ಅಂತ ಮೊದಲೇ ಗೊತ್ತು. ಹತ್ತಾರು ಸಾವಿರ ಜನ ಬೇಗ ಒಳಗೆ ಬಂದು ಬೇಗ ಹೊರಗೆ ಹೋಗಲಿ ಅಂತ ಮಾಡಿದ ಏರ್ಪಾಡು. ಕ್ರಿಸ್ತಶಕ 80ರಲ್ಲಿ ಶುರುವಾದ ಕ್ರೀಡಾಂಗಣ ಅದು. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಕ್ರೀಡಾಂಗಣದ ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತಿದ್ದರು. ಇವರು ನಂಬರ್‌ಗಳನ್ನೇ ನೋಡುತ್ತ ನಿಂತರು. ನಾನೂ ಏನೂ ಮಾತಾಡಲಿಲ್ಲ.

ಒಳಗೆ ನೆರಳು ಇಲ್ಲ. ಆ ಕಾಲದಲ್ಲಿ ಇತ್ತಂತೆ. ಮೇಲೆ ಸುತ್ತಲೂ ಕಂಬ ನೆಟ್ಟು, ಹಡಗಿನ ಹಾಯಿಯ ಹಾಗೆ ಬಟ್ಟೆ ಎಳೆಯುತ್ತಿದ್ದರು. ಅದಕ್ಕೆ ನೌಕಾಪಡೆಯ ನಾವಿಕರನ್ನೇ ಇಟ್ಟುಕೊಂಡಿದ್ದರು. ಕೆಳಗೆ ಮನುಷ್ಯರನ್ನೂ ಪ್ರಾಣಿಗಳನ್ನೂ ಕೊಲ್ಲುವ ಆಟ, ನೋಡುವವರ ತಲೆಗೆ ಮಾತ್ರ ಬಿಸಿಲು ತಾಗಬಾರದು! ನನಗೆ ಆ ಜಾಗ ಇಷ್ಟವಾಗಲಿಲ್ಲ. ದೊಡ್ಡದು ಹೌದು. ಇವರು ಎರಡು ಸುತ್ತು ಹಾಕಿದರು, ನಾನು ಕಂಬದ ಮರೆಗೆ ನಿಂತಿದ್ದೆ.

ಹೊರಗೆ ಬರುವಾಗ ಬಾಟಲಿ ಖಾಲಿ. ನೀರು ಮಾರುವ ಹುಡುಗ ಎರಡು ಯೂರೋ ಅಂದ. ಇವರು ಪರ್ಸಿಗೆ ಕೈ ಹಾಕಿದರು. ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನ ತೋಳು ಮುಟ್ಟಿ, ರಸ್ತೆ ಬದಿಯಲ್ಲಿದ್ದ ಕಬ್ಬಿಣದ ಗಿಡ್ಡ ಕಂಬವನ್ನು ತೋರಿಸಿದರು. ಬಾಗಿದ ಕೊಳವೆಯಿಂದ ನೀರು ಸುಮ್ಮನೆ ಹರಿಯುತ್ತಿತ್ತು. ತಿರುಗಿಸಲು ತಿರುಪು ಇಲ್ಲ, ನಿಲ್ಲಿಸುವವರೂ ಇಲ್ಲ. ಇದರ ಹೆಸರು ನಸೋನೆ. ಅಂದರೆ ದೊಡ್ಡ ಮೂಗು. ಕೊಳವೆಯ ಆಕಾರ ನೋಡಿದರೆ ಹೆಸರಿಗೆ ಬೇರೆ ವಿವರಣೆ ಬೇಡ. 1870ರ ದಶಕದಲ್ಲಿ ನೆಡಲು ಶುರು ಮಾಡಿದ್ದು, ಈಗ ಊರಲ್ಲಿ ಸುಮಾರು 2500 ಇವೆ. ಅಜ್ಜಿ ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರು. ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ಸೀದಾ ಬಾಯಿಗೆ! ನಾನೂ ಮಾಡಿದೆ. ಮುಖ, ಸೆರಗು, ಕನ್ನಡಕ ಎಲ್ಲ ಒದ್ದೆ. ನೀರು ನಮ್ಮ ಬಾವಿಯ ನೀರಿನಷ್ಟು ತಣ್ಣಗಿತ್ತು. ಅಷ್ಟು ಹೊತ್ತಿನ ಸಿಡಿಮಿಡಿ ಅಲ್ಲೇ ಇಳಿಯಿತು. ಎರಡು ಯೂರೋ ಉಳಿದ ಖುಷಿ ಇವರದು.

ಫೋರಮ್ಮಿನಲ್ಲಿ, ಅಂದರೆ ಹಳೆ ರೋಮ್‌ನ ಪೇಟೆ ಚೌಕದಲ್ಲಿ, ಕಲ್ಲಿನ ಕಂಬಗಳ ನಡುವೆ ಒಂದು ಗಂಟೆ ಸುತ್ತಿದೆವು. ರಾಜರ ಹೆಸರುಗಳು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಒಂದೇ. ಮ್ಯಾಕ್ಸೆಂಟಿಯಸ್ ಕಟ್ಟಿಸಿದ ಮೂರು ಭಾರೀ ಕಮಾನುಗಳ ಕಟ್ಟಡ ಇದೆಯಲ್ಲ, ಅದಕ್ಕೂ ಮೊದಲು ಆ ಜಾಗದಲ್ಲಿ ಮೆಣಸಿನ ಗೋದಾಮು ಇತ್ತಂತೆ. ನಮ್ಮ ಕಾಳುಮೆಣಸು! ಡೊಮಿಷಿಯನ್ ಅನ್ನುವ ದೊರೆ ಕಟ್ಟಿಸಿದ್ದು. ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಈಜಿಪ್ಟಿಗೆ, ಅಲ್ಲಿಂದ ಇಲ್ಲಿಗೆ. ಪ್ಲಿನಿ ಅನ್ನುವ ರೋಮನ್ ಪಂಡಿತ ಆಗಲೇ ಗೊಣಗಿದ್ದಾನೆ: ಬರೀ ಖಾರ ಬಿಟ್ಟರೆ ಇದರಲ್ಲಿ ಏನಿದೆ, ಇದಕ್ಕಾಗಿ ಇಂಡಿಯಾ ತನಕ ಹೋಗುತ್ತೀರಲ್ಲ ಅಂತ. ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು ಕಣ್ಣ ಮುಂದೆ ಬಂದವು. ಮಳೆಗೆ ಕೊಳೆ ರೋಗ ಬಂತೋ ಏನೋ, ಸಂಜೆ ಫೋನ್ ಮಾಡಬೇಕು ಅಂದುಕೊಂಡೆ.

ಮಧ್ಯಾಹ್ನದ ಊಟಕ್ಕೂ ಅದೇ ಮೆಣಸು ಸಿಕ್ಕಿತು. ಕಾಚೊ ಎ ಪೇಪೆ ಅಂತ ರೋಮ್‌ನವರ ತಿಂಡಿ. ಸ್ಪಗೆಟಿಯಂಥ ಪಾಸ್ತಾ, ಪೆಕೊರಿನೊ ಅನ್ನುವ ಕುರಿ ಹಾಲಿನ ಚೀಸು, ಕುಟ್ಟಿದ ಕಾಳುಮೆಣಸು. ಇನ್ನೇನೂ ಇಲ್ಲ. ಘಮಘಮ ಅನ್ನುತ್ತಿತ್ತು. "ಇದಕ್ಕೊಂದು ಸಾಸಿವೆ ಒಗ್ಗರಣೆ ಬಿದ್ದಿದ್ದರೆ," ಅಂತ ಇವರು ಎರಡನೇ ತಟ್ಟೆ ತರಿಸಿದರು. ಆ ಚೀಸಿಗೆ ಹಾಲು ಒಡೆಯಲು ಕುರಿಮರಿಯ ಹೊಟ್ಟೆಯ ರೆನೆಟ್ ಹಾಕುತ್ತಾರೆ ಅಂತ ಮಗಳು ಆಮೇಲೆ ಹೇಳಿದಳು. ಇವರಿಗೆ ನಾನು ಇನ್ನೂ ಹೇಳಿಲ್ಲ.

ಪಿಯಾಝಾ ವೆನೆಝಿಯಾ ಹತ್ತಿರ ಹೊಸ ಮೆಟ್ರೋ ಕೆಲಸ. ಸುತ್ತ ತಗಡಿನ ಗೋಡೆ, ಧೂಳು. ಬೆಂಗಳೂರಲ್ಲೇ ಇದ್ದೇವೆ ಅನ್ನಿಸಿತು. ಅದನ್ನು ದಾಟಿ ಸಣ್ಣ ಗಲ್ಲಿಗಳಲ್ಲಿ ನಡೆದರೆ ಪ್ಯಾಂಥಿಯನ್, ಈಗ ಚರ್ಚಾಗಿರುವ ರೋಮನ್ನರ ಹಳೆ ದೇವಸ್ಥಾನ. ಗಲ್ಲಿಗಳಿಗೆ ಹಾಸಿದ್ದು ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡುಗಳು. ನೋಡಲು ಚಂದ, ನಡೆಯಲು ಶಿಕ್ಷೆ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತದ್ದು ಅಲ್ಲೇ. ಸೆರಗಿನ ಪಿನ್ನು ತೆಗೆದು ಚಪ್ಪಲಿಗೆ ಹಾಕಿಕೊಂಡೆ. ದಿನ ಪೂರ್ತಿ ತಡೆಯಿತು.

ಪ್ಯಾಂಥಿಯನ್ನಿಗೆ ನಾವು ಹೋದಾಗ ಐದು ಯೂರೋ. 2023ರ ಜುಲೈ ತನಕ ಟಿಕೆಟ್ ಇರಲಿಲ್ಲವಂತೆ. ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಗುಂಬಜ್ 43 ಮೀಟರ್ ಅಗಲ, ನೆಲದಿಂದ ಅದರ ತುದಿಗೂ ಅಷ್ಟೇ. ಒಂದೇ ಒಂದು ಕಬ್ಬಿಣದ ಸರಳು ಇಲ್ಲದ ಕಾಂಕ್ರೀಟು. ಆ ಬಗೆಯದರಲ್ಲಿ ಇವತ್ತಿಗೂ ಜಗತ್ತಿನಲ್ಲೇ ದೊಡ್ಡದು. ನಡು ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರಿನ ಬಾಯಿ, ಗಾಜು ಇಲ್ಲ, ಮುಚ್ಚಳ ಇಲ್ಲ. ಮಳೆ ಬಂದರೆ ಒಳಗೇ ಸುರಿಯುತ್ತದೆ. ನೆಲದಲ್ಲಿ ನೀರು ಇಂಗಿ ಹೋಗಲು ತೂತುಗಳಿವೆ. ನಮ್ಮ ಹಳೆ ಮನೆಯ ಅಂಗಳದ ಹಾಗೆಯೇ ಅಲ್ವಾ? ಮಳೆಯನ್ನು ಹೊರಗೆ ಹಾಕುವುದಲ್ಲ, ಬರಲಿ, ಬಂದು ಹೋಗಲಿ. ಬಿಸಿಲಿನ ದುಂಡನೆಯ ಬಿಲ್ಲೆ ಗೋಡೆಯ ಮೇಲೆ ನಿಧಾನಕ್ಕೆ ಜಾರುತ್ತಿತ್ತು. ಅದು ಒಂದು ಮೊಳ ಜಾರುವ ತನಕ ನಾನು ಏಳಲಿಲ್ಲ. ಅಲ್ಲಿ ಕೂರಲು ಬೆಂಚು ಇದ್ದವು. ಚರ್ಚು ತಾನೆ, 609ರಿಂದಲೂ. ಕೂರಬೇಡಿ ಅನ್ನುವ ಹಾಗಿಲ್ಲ.

ಹೊರಗೆ ಮುಂಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ: ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ ಮೂರನೇ ಸಲ ಕಾನ್ಸುಲ್ (ರೋಮ್‌ನ ಮುಖ್ಯ ಅಧಿಕಾರಿ) ಆದಾಗ ಕಟ್ಟಿಸಿದ್ದು. ಅಸಲಿಗೆ ಅವನು ಕಟ್ಟಿಸಿದ್ದು ಹಾಳಾಗಿ ಹೋಗಿತ್ತು. ಈಗಿರುವುದು ಸುಮಾರು ನೂರೈವತ್ತು ವರ್ಷ ಆದ ಮೇಲೆ ಹೇಡ್ರಿಯನ್ ಅನ್ನುವ ದೊರೆ ಮುಗಿಸಿದ್ದು. ಅವನು ಹಳೆಯವನ ಹೆಸರನ್ನೇ ಉಳಿಸಿದ. "ದುಡ್ಡು ಹಾಕಿದವನೊಬ್ಬ, ಪಾಸ್‌ಬುಕ್ಕಿನಲ್ಲಿ ಹೆಸರು ಇನ್ನೊಬ್ಬನದು," ಅಂದರು ಇವರು. ಬ್ಯಾಂಕಿನವರು.

"ಗಂಗೆ ಇಲ್ಲಿಂದ ಐದೇ ನಿಮಿಷ," ಅಂತ ನಾನು ಮೊಬೈಲು ತೋರಿಸಿದೆ.

"ಅದು ಒಂಬತ್ತನೇ ನಂಬರ್."

"ರೀ, ಪಕ್ಕದಲ್ಲೇ ಇದೆ."

"ನಂಬರ್ ಪ್ರಕಾರ ಹೋದರೆ ಯಾವುದೂ ಬಿಟ್ಟುಹೋಗುವುದಿಲ್ಲ."

ಹೀಗಾಗಿ ಗಂಗೆಗೆ ಬೆನ್ನು ಹಾಕಿ ಟ್ರೆವಿ ಕಾರಂಜಿಯ ಕಡೆ ನಡೆದೆವು. ನಾನು ಹತ್ತು ಹೆಜ್ಜೆ ಹಿಂದೆ.

ಟ್ರೆವಿಯ ಜನ! ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯಲು ನುಗ್ಗುತ್ತಾರಲ್ಲ, ಹಾಗೆ. ಒಂದು ಸಲಕ್ಕೆ ನಾನೂರೇ ಜನರನ್ನು ಕಾರಂಜಿಯ ಅಂಚಿಗೆ ಬಿಡುತ್ತಿದ್ದರು. ಉಳಿದವರು ಕಾಯಬೇಕಿತ್ತು. ಕಾಯುವ ಮೊದಲು ಕಾಫಿ ಕುಡಿಯೋಣ ಅಂತ ಪಕ್ಕದ ಹೋಟೆಲಿನ ಹೊರಗೆ ಕುರ್ಚಿಯಲ್ಲಿ ಕೂತೆವು. ಬೆರಳಿನಷ್ಟು ಎತ್ತರದ ಎರಡು ಕಪ್ಪು, ಬಿಲ್ಲು ಹನ್ನೆರಡು ಯೂರೋ. ಒಳಗೆ ಕೌಂಟರಿಗೆ ಆನಿಕೊಂಡು ಕುಡಿಯುವವರು ಒಂದೂವರೆ ಯೂರೋದ ಒಳಗೆ ಮುಗಿಸಿ ಹೋಗುತ್ತಿದ್ದರು. ನಮ್ಮ ದರ್ಶಿನಿಯ ಪದ್ಧತಿಯೇ: ಮೊದಲು ದುಡ್ಡು ಕೊಟ್ಟು ಚೀಟಿ ತಗೋ, ನಿಂತುಕೊಂಡೇ ಕುಡಿ. ಕೂತರೆ ಕುರ್ಚಿಗೂ ಬಾಡಿಗೆ. ಈ ಊರಿನಲ್ಲಿ ನೀರು ಪುಕ್ಕಟೆ, ಕೂರುವುದಕ್ಕೆ ದುಡ್ಡು.

ಮುಕ್ಕಾಲು ಗಂಟೆ ಆದ ಮೇಲೆ ಅಂಚಿಗೆ ಬಿಟ್ಟರು. ಎಲ್ಲರೂ ಕಾರಂಜಿಗೆ ಬೆನ್ನು ಮಾಡಿ ನಿಂತಿದ್ದರು, ಫೋಟೋಕ್ಕೆ. ಬೆನ್ನು ಹಾಕಿಯೇ ನಾಣ್ಯ ಎಸೆಯಬೇಕು, ಹಾಗೆ ಮಾಡಿದರೆ ಮತ್ತೆ ರೋಮ್‌ಗೆ ಬರುತ್ತೀರಂತೆ. ನಾಣ್ಯಗಳು ಬಡವರ ಸಹಾಯಕ್ಕೆ ಹೋಗುತ್ತವೆ ಅಂತ ಗೊತ್ತಾದ ಮೇಲೆ ಇವರು ಐವತ್ತು ಸೆಂಟಿನದು ತೆಗೆದರು. ನಾನು ಮಾತ್ರ ಎದುರು ನಿಂತು ಮೇಲಿನ ಕೆತ್ತನೆ ನೋಡಿದೆ. ಬಲಗಡೆ ಒಬ್ಬಳು ಹುಡುಗಿ ಸೈನಿಕರಿಗೆ ನೆಲದತ್ತ ಕೈ ತೋರಿಸುತ್ತಿದ್ದಾಳೆ. ಬಾಯಾರಿದ ಸೈನಿಕರಿಗೆ ಅವಳು ಒರತೆಯೊಂದನ್ನು ತೋರಿಸಿದಳಂತೆ. ಆ ನೀರನ್ನು ಊರಿಗೆ ತರಿಸಿದವನು ಎಡಗಡೆ ಇದ್ದಾನೆ. ಯಾರು ಅಂತೀರಿ? ಅದೇ ಅಗ್ರಿಪ್ಪ! ಕ್ರಿಸ್ತಪೂರ್ವ 19ರಲ್ಲಿ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಪೂರ್ತಿ ನೆಲದ ಅಡಿಯಲ್ಲೇ. ನಡುವೆ ಹಾಳಾಗಿ, ರಿಪೇರಿಯಾಗಿ, ಅದೇ ಮೂಲದ ನೀರು ಈಗಲೂ ಟ್ರೆವಿಗೆ ಬರುತ್ತದೆ. ಆ ಹುಡುಗಿಯ ನೆನಪಿಗೆ ನೀರಿನ ಹೆಸರು ಕನ್ಯೆಯ ನೀರು ಅಂತ. ಬೆಳಿಗ್ಗೆ ನನಗೆ ಮೂಗು ತೋರಿಸಿದ ಅಜ್ಜಿ ನೆನಪಾದರು.

ಸ್ಪ್ಯಾನಿಷ್ ಮೆಟ್ಟಿಲುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಂದದ ಮೆಟ್ಟಿಲು. ಕಾಲು ಸೋತಿತ್ತು, ಮೂರನೇ ಮೆಟ್ಟಿಲ ಮೇಲೆ ಕೂತೆ. ಪೀಪಿ! ಪೊಲೀಸು ಸೀಟಿ. 2019ರಿಂದ ಅಲ್ಲಿ ಕೂರುವ ಹಾಗಿಲ್ಲ, ಕೂತರೆ ದಂಡ ಹಾಕಬಹುದು. ದೇವಸ್ಥಾನಕ್ಕೆ ಹೋದರೆ ಎದ್ದು ಬರುವ ಮೊದಲು ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತೇ ಬರಬೇಕು ಅನ್ನುವ ಊರಿನವಳು ನಾನು. ಮೆಟ್ಟಿಲು ಇರುವುದು ಮತ್ತೆ ಯಾಕೆ? ಕೆಳಗೆ ಅರ್ಧ ಮುಳುಗಿದ ದೋಣಿಯ ಆಕಾರದ ಕಾರಂಜಿ ಇದೆ. ಅಲ್ಲಿಗೆ ಬರುವುದೂ ಅದೇ ಕನ್ಯೆಯ ನೀರು, ಆದರೆ ಒತ್ತಡ ಕಡಿಮೆ, ಎತ್ತರಕ್ಕೆ ಚಿಮ್ಮುವುದಿಲ್ಲ. ಅದಕ್ಕೇ ಪಿಯೆತ್ರೊ ಬರ್ನಿನಿ ಕಾರಂಜಿಯನ್ನೇ ತಗ್ಗಿಸಿ, ದೋಣಿ ಮುಳುಗುವ ಹಾಗೆ ಮಾಡಿಬಿಟ್ಟ. ನೀರಿಲ್ಲದ ಊರಿನ ಇಂಜಿನಿಯರುಗಳು ನೋಡಬೇಕಾದ ಕೆಲಸ.

ಆರು, ಏಳು, ಎಂಟನೇ ನಂಬರ್‌ಗಳನ್ನು ಇವರೇ ಕೈಬಿಟ್ಟರು. ನಾನು ಬಾಯಿ ಬಿಡಲಿಲ್ಲ. "ಕಾಲು ಹೇಗಿದೆ?" ಅಂತ ಕೇಳಿದರು. "ಒಂಬತ್ತಕ್ಕೆ ಸಾಕಾಗುವಷ್ಟು ಇದೆ," ಅಂದೆ.

ನವೋನಾ ತಲುಪುವಾಗ ಎಂಟು ಗಂಟೆ. ಬೆಳಕು ಇನ್ನೂ ಇತ್ತು, ಬಿಸಿಲು ಮಾತ್ರ ಇಳಿದಿತ್ತು. ಉದ್ದನೆಯ ಚೌಕ. ಹಿಂದೆ ಅಲ್ಲಿ ಓಟದ ಮೈದಾನ ಇತ್ತು, ಅದೇ ಆಕಾರ ಉಳಿದಿದೆ. ನಡುವೆ ಬಂಡೆ, ಬಂಡೆಯ ಮೇಲೆ ಎತ್ತರದ ಕಲ್ಲುಕಂಬ, ನಾಲ್ಕು ಮೂಲೆಗೆ ನಾಲ್ಕು ನದಿ. ಪಿಯೆತ್ರೊನ ಮಗ ಜಾನ್ ಲೊರೆಂಝೊ ಬರ್ನಿನಿ 1651ರಲ್ಲಿ ಮುಗಿಸಿದ್ದು. ನೈಲ್ ತಲೆಗೆ ಮುಸುಕು ಹಾಕಿಕೊಂಡಿದೆ, ಅದರ ಮೂಲ ಎಲ್ಲಿ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಇನ್ನೆರಡು ಡ್ಯಾನ್ಯೂಬ್ ಮತ್ತು ಅಮೆರಿಕದ ಪ್ಲಾಟಾ.

"ನಿನ್ನ ಗಂಗೆ ಎಲ್ಲಿ?" ಅಂದರು ಇವರು.

ನಾನೂ ಸೀರೆ ಉಟ್ಟವಳನ್ನೇ ಹುಡುಕುತ್ತಿದ್ದೆ. ಮೊಸಳೆಯ ಮೇಲೆ ಕೂತವಳು, ಕೈಯಲ್ಲಿ ಕುಂಭ. ಒಂದು ಸುತ್ತು ಹಾಕಿದೆ. ಇಲ್ಲ. ಮೊಬೈಲಿನ ಚಿತ್ರ ತೆಗೆದು ಹೋಲಿಸಿ ನೋಡಿದೆ. ಉದ್ದದ ಹುಟ್ಟು ಹಿಡಿದು ಒರಗಿ ಕೂತ ಗಂಡಸು. ಗಟ್ಟಿ ತೋಳು, ಎದೆ, ಉದ್ದನೆಯ ಗಡ್ಡ. ದೋಣಿ ನಡೆಸಬಹುದಾದ ನದಿ ಅಂತ ತೋರಿಸಲು ಹುಟ್ಟು ಕೊಟ್ಟಿದ್ದಾರೆ. ಅವನೇ ಗಂಗೆ!

ಇವರಿಗೆ ನಗು ತಡೆಯಲಿಲ್ಲ. ಅಷ್ಟು ಜೋರಾಗಿ ನಕ್ಕಿದ್ದು ನಿವೃತ್ತಿಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು. "ಈ ಗಂಗೆಯನ್ನು ಶಿವ ತಲೆ ಮೇಲೆ ಹೊತ್ತುಕೊಂಡರೆ ಪಾರ್ವತಿ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ನೋಡು," ಅಂದರು. ಈ ರೋಮ್‌ನವರ ದೇಶದಲ್ಲಿ ನದಿ ದೇವರುಗಳೆಲ್ಲ ಗಂಡಸರಂತೆ. ಯಾರಾದರೂ ಒಬ್ಬ ಇಂಡಿಯಾದವನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಮೆಣಸು ಕೇಳುವಾಗ ಇದನ್ನೂ ಕೇಳಬಹುದಿತ್ತಲ್ಲ?

ಆದರೂ ಕೈ ಮುಗಿದೆ. ಪಕ್ಕದಲ್ಲಿದ್ದ ಹುಡುಗಿ ವಿಚಿತ್ರವಾಗಿ ನೋಡಿದಳು. ಒಂದು ಹನಿ ತಲೆಗೆ ಹಾಕಿಕೊಳ್ಳೋಣ ಅಂತ ಬಗ್ಗುವಾಗ ಇವರು ತೋಳು ಹಿಡಿದು, "ಬೇಡ, ಇಲ್ಲೂ ಸೀಟಿ ಊದುತ್ತಾರೆ," ಅಂದರು. ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತೆಗೆದರು. ದಾರಿಯ ಮೂಗಿನಲ್ಲಿ ತುಂಬಿಸಿದ ನೀರು. ನನ್ನ ತಲೆಗೆ ನಾಲ್ಕು ಹನಿ ಹಾಕಿ, ತಮಗೂ ಹಾಕಿಕೊಂಡು, ಉಳಿದದ್ದನ್ನು ಗಟಗಟ ಕುಡಿದರು. ಆಮೇಲೆ ಡೈರಿ ತೆಗೆದು ಒಂಬತ್ತರ ಮುಂದೆ ಟಿಕ್ ಹಾಕಿದರು.